ತಪ್ಪು ಬಳ್ಳಿಗೆಣಸಿನದಲ್ಲ

ಇಸ್ತ್ರಿ ಅಂಗಡಿಯಾಕೆ ಕುಡುಗೋಲು ಹಿಡಿದು ಹಿತ್ತಲಿಗೆ ನುಗ್ಗಿದಾಗ ಅವಳ ಸಿಟ್ಟು ನೆತ್ತಿಗೇರಿತ್ತು. ಗೋಡೆಗೆ ಹಬ್ಬಿದ ಬಳ್ಳಿಗೆಣಸನ್ನು ಬುಡಸಮೇತ ಕಿತ್ತೆಸೆಯದೆ ಒಳಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದಳು. ಗೆಣಸೆಂದರೆ ಪ್ರಾಣ ಬಿಡುವ ಅವಳ ಮಗಳು ಅದನ್ನೇ ತಿಂದು, ಒಳಗೆ ತುಟಿ ಊದಿಕೊಂಡು, ಗಂಟಲು ಕೆರೆಯುತ್ತದೆಂದು ಅಳುತ್ತಿದ್ದಳು. ಬಳ್ಳಿ ನೆಟ್ಟ ಗಂಡನಿಗೂ ಬೈಗುಳ ತಪ್ಪಲಿಲ್ಲ.

ಸುದ್ದಿ ಕೇಳಿ ಪಕ್ಕದ ಮನೆಯ ನರ್ಸಮ್ಮ ಓಡಿ ಬಂದಳು. ಮೊದಲು ಹುಡುಗಿಯ ಬಾಯಿ ನೋಡಿದಳು, ಉಸಿರು ಸರಾಗವಾಗಿದೆಯೇ ಎಂದು ಪರೀಕ್ಷಿಸಿದಳು, ಬಾಯಿ ಮುಕ್ಕಳಿಸಲು ಹೇಳಿ ತಣ್ಣನೆಯ ಹಾಲು ಕುಡಿಸಿದಳು. ಉಸಿರಾಡಲು ಸ್ವಲ್ಪ ಕಷ್ಟವಾದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂದು ಹುಡುಗಿಯ ಅಪ್ಪನಿಗೆ ಹೇಳಿ ಹಿತ್ತಲಿಗೆ ಬಂದಳು.

"ಗೆಣಸು ಹೇಗೆ ಬೇಯಿಸಿದ್ರಿ?"

ಇಸ್ತ್ರಿಯಾಕೆ ಸಿಡುಕುತ್ತಲೇ ಹೇಳಿದಳು. ಬೇರೆ ಒಲೆ ಯಾಕೆಂದು ಇಸ್ತ್ರಿಪೆಟ್ಟಿಗೆಗೆ ಕಾಯಿಸುವ ಕೆಂಡದಲ್ಲೇ ಗೆಣಸು ಹೂತಿದ್ದಳು. ಅಷ್ಟರಲ್ಲಿ ಹೋಟೆಲಿನವನು ಇಸ್ತ್ರಿಗೆ ಕೊಟ್ಟ ಮೇಜುಬಟ್ಟೆ ಈಗಲೇ ಬೇಕೆಂದು ತಲೆ ತಿನ್ನತೊಡಗಿದ. ಕೆಂಡವನ್ನೆಲ್ಲ ಬಾಚಿ ಪೆಟ್ಟಿಗೆಗೆ ತುಂಬಿದಳು. ಸಿಪ್ಪೆ ಕಪ್ಪಾಗಿತ್ತು, ಬೆಂದಿದೆ ಅಂದುಕೊಂಡು ಮಗಳ ಕೈಗೆ ಕೊಟ್ಟಳು.

ನರ್ಸಮ್ಮನಿಗೆ ರೇಗಿಹೋಯಿತು.

"ಹೋಟೆಲಿನವರ ಬಟ್ಟೆಗೆ ಕೆಂಡ ಇತ್ತು, ಮಗಳ ಊಟಕ್ಕೆ ಇರ್ಲಿಲ್ಲ. ಈಗ ಬಳ್ಳಿ ಕಡಿಯೋಕೆ ಬಂದಿದೀರಾ? ಕೆಂಡ ತೆಗೆದಿದ್ದು ಬಳ್ಳೀನಾ?"

ಇಸ್ತ್ರಿಯಾಕೆಗೆ ಮೈಯೆಲ್ಲ ಉರಿಯಿತು. ಕುಡುಗೋಲನ್ನು ನೆಲಕ್ಕೆಸೆದು ಹಲ್ಲು ಕಡಿದಳು. ಈಗ ಅವಳಿಗೆ ತನ್ನ ಮೇಲೆಯೇ ಸಿಟ್ಟು.

ನರ್ಸಮ್ಮ ತುಸು ತಣ್ಣಗಾಗಿ ವಿವರಿಸಿದಳು. ಇದು ಸಿಹಿಗೆಣಸಲ್ಲ, ಹಸಿ ಬಳ್ಳಿಗೆಣಸಿನಲ್ಲಿ ತುರಿಸುವ ಅಂಶವಿರುತ್ತದೆ, ಅರೆಬೆಂದರೂ ಅದು ಉಳಿಯುತ್ತದೆ. ಕೈಗೆ ಎಣ್ಣೆ ಸವರಿಕೊಂಡು ಸಿಪ್ಪೆ ತೆಗೆಯಬೇಕು. ಹೋಳು ಮಾಡಿ, ನೀರಲ್ಲಿ ಚೆನ್ನಾಗಿ ಬೇಯಿಸಿ, ಆ ನೀರು ಚೆಲ್ಲಬೇಕು. ಬೇಲಿಯ ಮೇಲೆ ಹಬ್ಬಿದ ಗುರುತಿಲ್ಲದ ಬಳ್ಳಿಯ ಗೆಡ್ಡೆಯನ್ನು ಮಾತ್ರ ಬೇಯಿಸಿಯೂ ತಿನ್ನಬಾರದು. ಕೆಲವು ಕಾಡುಗೆಣಸು ವಿಷ.

ಮರುದಿನ ಹುಡುಗಿ ಗುಣವಾದಳು. ಇಸ್ತ್ರಿಯಾಕೆ ಬೇರೆ ಒಲೆ ಹೊತ್ತಿಸಿ, ಪಾತ್ರೆಯ ನೀರಲ್ಲಿ ಗೆಣಸಿನ ಹೋಳಿಟ್ಟು ಪಕ್ಕದಲ್ಲೇ ಕುಳಿತಳು. ಚಮಚ ಒತ್ತಿದರೆ ಬೆಣ್ಣೆಯಂತೆ ಇಳಿಯುವವರೆಗೂ ಏಳಲಿಲ್ಲ. ನೀರು ಚೆಲ್ಲಿ, ಅರ್ಧದಷ್ಟು ಹೋಳುಗಳಿಗೆ ಉಪ್ಪು, ಮೆಣಸಿನಪುಡಿ ಹಾಕಿದಳು, ಉಳಿದದ್ದನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದಳು. ಮನೆಯೆಲ್ಲ ಘಮಘಮ.

ಮಗಳು ಮಾತ್ರ ಬಾಯಿ ಮುಚ್ಚಿಕೊಂಡು ಗೋಡೆಗೊರಗಿದಳು. "ನಂಗೆ ಬೇಡ. ಅದು ಕಚ್ಚುತ್ತೆ."

ತಟ್ಟೆಯನ್ನೇ ನೆಲಕ್ಕೆ ಬಡಿಯುವಷ್ಟು ಸಿಟ್ಟು ಬಂತು ತಾಯಿಗೆ, ಮಗಳ ಮೇಲಲ್ಲ, ತನ್ನ ಮೇಲೆ. ನುಂಗಿಕೊಂಡಳು. ಅವಳೆದುರೇ ಕುಳಿತು ಒಂದೊಂದೇ ಹೋಳು ತಾನು ತಿಂದಳು. ಬಾಯಿ ತೆರೆದು ನಾಲಿಗೆ ತೋರಿಸಿದಳು. ಹುಡುಗಿ ಇಣುಕಿ ನೋಡಿದಳು, ಹತ್ತಿರ ಸರಿದಳು. ತಟ್ಟೆಯಲ್ಲಿ ಎರಡೇ ಉಳಿದಾಗ ಮೆಲ್ಲಗೆ ಕೈ ಚಾಚಿ, "ಎಲ್ಲಾ ನೀನೇ ತಿಂದ್ಬಿಟ್ಟೆ" ಎಂದು ಅಮ್ಮನನ್ನೇ ಗದರಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಿನ ಬಳ್ಳಿಯನ್ನು ಕಡಿಯಬೇಡಿ. ಗೆಣಸು ಹೊಟ್ಟೆ ತುಂಬಿಸುತ್ತದೆ, ನಾಲಿಗೆಗೂ ಹಿತ. ಅದು ಕೇಳುವುದು ಸಾಕಷ್ಟು ಬೆಂಕಿ, ಸ್ವಲ್ಪ ತಾಳ್ಮೆ. ಅಷ್ಟನ್ನೂ ಕೊಡದೆ ಮಕ್ಕಳ ತಟ್ಟೆಗೆ ಬಡಿಸಿದರೆ, ಅಳುವುದು ನೀವಲ್ಲ, ಅವರು.