ಒಂಬತ್ತು ಸಾಲಿನ ತಂಡ

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವರು ಒಂಬತ್ತು ಜನ. ಬೇಸ್‌ಬಾಲ್ ತಂಡದಲ್ಲಿ ಆಡುವವರೂ ಒಂಬತ್ತು ಜನ. ಲಾಂಡ್ರಿಯ ಮೇಸ್ತ್ರಿ ಕೆಟ್ಟಿದ್ದು ಈ ಒಂದು ಹೋಲಿಕೆಯಿಂದ.

ಮೇಸ್ತ್ರಿಗೆ ಬೇಸ್‌ಬಾಲ್ ಎಂದರೇನೆಂದು ಮೊದಲು ಗೊತ್ತಿರಲಿಲ್ಲ. ಆ ಊರಿನಲ್ಲಿ ಅದನ್ನು ಆಡಿದವರೂ ಇಲ್ಲ, ನೋಡಿದವರೂ ಇಲ್ಲ. ಲಾಂಡ್ರಿಯ ಹಳೇ ಕಂಪ್ಯೂಟರನ್ನು ರಿಪೇರಿ ಮಾಡಲು ಬಂದ ಅವನ ಭಾವಮೈದ, ಊಟದ ಹೊತ್ತು ಕಳೆಯಲಿಕ್ಕೆ ಇರಲಿ ಭಾವ ಎಂದು ಒಂದು ಗೇಮ್ ಹಾಕಿಕೊಟ್ಟು ಹೋದ. ಅದರಲ್ಲಿ ಹೊಡೆಯುವುದು ಓಡುವುದು ಏನೂ ಇಲ್ಲ. ನಾವು ತಂಡದ ಮ್ಯಾನೇಜರ್, ಅಷ್ಟೇ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಯಾರನ್ನು ಕೈಬಿಡಬೇಕು ಎಂದು ಹೇಳಿದರೆ ಸಾಕು. ಪಂದ್ಯವನ್ನು ಕಂಪ್ಯೂಟರೇ ಆಡಿ ಮುಗಿಸಿ ಗೆದ್ದಿರೋ ಸೋತಿರೋ ತಿಳಿಸುತ್ತದೆ. ದಿನವಿಡೀ ಇದೇ ಕೆಲಸ ಮಾಡುವವನು ಊಟದ ಹೊತ್ತಿನಲ್ಲೂ ಇದನ್ನೇ ಆಡುತ್ತಾನಲ್ಲ ಎಂದು ನಗಬೇಡಿ. ಲಾಂಡ್ರಿಯಲ್ಲಿ ಅವನ ಮಾತನ್ನು ಎದುರಾಡದೆ ಕೇಳುವವರು ಒಬ್ಬರೂ ಇರಲಿಲ್ಲ. ಗೇಮಿನಲ್ಲಿ ಎಲ್ಲರೂ ಕೇಳುತ್ತಿದ್ದರು.

ಆಟಗಾರರನ್ನು ನಾವೇ ತಯಾರಿಸಿ, ಹೆಸರಿಟ್ಟು, ಒಬ್ಬೊಬ್ಬರ ಗುಣಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಹಾಕಲು ಅದರಲ್ಲಿ ಅವಕಾಶವಿತ್ತು. ಮೇಸ್ತ್ರಿ ತನ್ನ ಒಂಬತ್ತೂ ಜನರನ್ನು ಅದರೊಳಕ್ಕೆ ತಂದು ಕೂರಿಸಿದ. ಬಾಯ್ಲರಿನವನದು ಮೂಗಿನ ತುದಿಯ ಸಿಟ್ಟು. ಅವನ ಹೊಡೆತಕ್ಕೆ ತೊಂಬತ್ತು. ಟ್ರಾಲಿ ತಳ್ಳುವವನನ್ನು ಎಲ್ಲರೂ ಗಾಳಿ ಎಂದೇ ಕರೆಯುತ್ತಿದ್ದರು. ಅವನ ಓಟಕ್ಕೆ ತೊಂಬತ್ತೈದು. ಚೆಂಡೆಸೆಯುವ ಜಾಗ ತಂಡದ ಜೀವಾಳ. ಅಲ್ಲಿಗೆ ಅಕ್ಕನನ್ನು ಹಾಕಿದ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಳಬಳು, ಮೇಸ್ತ್ರಿಗೇ ಕೆಲಸ ಕಲಿಸಿದವಳು. ಎರಡು ವರ್ಷದ ಹಿಂದೆ ಯಂತ್ರದಿಂದ ಒದ್ದೆ ಹಾಸಿಗೆ ಬಟ್ಟೆಯ ಮುದ್ದೆಯನ್ನು ಎಳೆಯುವಾಗ ಅವಳ ಬಲ ಭುಜ ಹಿಡಿದುಕೊಂಡಿತು. ಅಂದಿನಿಂದ ಆ ಕೈ ಎದೆಗಿಂತ ಮೇಲೆ ಏಳುತ್ತಿರಲಿಲ್ಲ. ಮೂಟೆ ಎತ್ತಲಾರದವರನ್ನು ಲಾಂಡ್ರಿಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂಬುದು ಆಸ್ಪತ್ರೆಯ ನಿಯಮ. ಕೆಲಸ ಹೋದರೆ ಅಕ್ಕನ ಗಂಡನ ಡಯಾಲಿಸಿಸ್ ಕೂಡ ಹೋಗುತ್ತದೆ; ನೌಕರರ ಮನೆಯವರೆಂದೇ ಅವನಿಗೆ ಮೇಲಿನ ಮಹಡಿಯಲ್ಲಿ ವಾರಕ್ಕೆ ಎರಡು ಸಲ ಹಾಸಿಗೆ ಸಿಗುತ್ತಿತ್ತು. ಹಾಗಾಗಿ ಮೇಸ್ತ್ರಿ ಡ್ಯೂಟಿ ಪಟ್ಟಿಯಲ್ಲಿ ಅಕ್ಕನ ಮುಂದೆ ಮೂಟೆ ಎಂದು ಬರೆಯುತ್ತಿದ್ದ, ಅವಳನ್ನು ಮಡಿಸುವ ಮೇಜಿನ ಮುಂದೆ ನಿಲ್ಲಿಸುತ್ತಿದ್ದ. ಅವಳ ಪಾಲಿನ ಮೂಟೆಗಳನ್ನು ಗಾಳಿ ಎತ್ತುತ್ತಿದ್ದ. ಲಾಂಡ್ರಿಯ ಎಲ್ಲರಿಗೂ ಗೊತ್ತಿದ್ದ, ಬಾಗಿಲಾಚೆ ಒಬ್ಬರಿಗೂ ಗೊತ್ತಿಲ್ಲದ ಗುಟ್ಟು ಅದು.

ಅಂಥ ಗುಟ್ಟನ್ನು ಎರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡವನು ಗೇಮಿನಲ್ಲಿ ಅಕ್ಕನ ಅಂಕಗಳನ್ನು ತುಂಬುವಾಗ ಸ್ವಲ್ಪ ಹೊತ್ತು ಯೋಚಿಸಿದ. ಗುರಿಗೆ ತೊಂಬತ್ತಾರು ಹಾಕಿದ. ಗಾಯ ಎಂದಿದ್ದ ಕಡೆ ಬಲ ಭುಜ, ಹಳೆಯದು ಎಂದು ಹಾಕಿದ.

ಊಟದ ಬಿಡುವು ಅರ್ಧ ಗಂಟೆ. ತಂಡದ ಯೋಚನೆಗೆ ಅದು ಏನೇನೂ ಸಾಲದು. ಮನೆಗೆ ಹೋಗುವ ಬಸ್ಸಿನಲ್ಲಿ ಲೆಕ್ಕ ಹಾಕಲಿಕ್ಕೆಂದು ಮೇಸ್ತ್ರಿ ಎಲ್ಲವನ್ನೂ ಕಾಗದಕ್ಕೆ ಇಳಿಸಿಕೊಳ್ಳುತ್ತಿದ್ದ. ಯಾವ ಕಾಗದ? ಡ್ಯೂಟಿ ಪಟ್ಟಿಯ ಖಾಲಿ ಹಾಳೆ. ಒಂಬತ್ತು ಸಾಲು ಮೊದಲೇ ಗೆರೆ ಎಳೆದು, ಹೆಸರು, ಕೆಲಸ, ಷರಾ ಎಂದು ಅಚ್ಚು ಹಾಕಿದ ಹಾಳೆ ಕಪಾಟಿನ ತುಂಬ ಬಿದ್ದಿರುವಾಗ ಬೇರೆ ಕಾಗದ ಯಾರು ಹುಡುಕುತ್ತಾರೆ? ಕೆಳಗೆ ತನ್ನ ಸಹಿಯನ್ನೂ ಹಾಕುತ್ತಿದ್ದ ಮಹಾರಾಯ. ಹದಿನಾಲ್ಕು ವರ್ಷದಿಂದ ಆ ಹಾಳೆ ತುಂಬಿದರೆ ಸಹಿ ಹಾಕಿ ಅಭ್ಯಾಸವಾದ ಕೈ ಅದು.

ಒಂದು ಸೋಮವಾರ ಬೆಳಿಗ್ಗೆ ಅವಸರದಲ್ಲಿ ಮೇಸ್ತ್ರಿ ಆಡಳಿತಾಧಿಕಾರಿಯ ಟ್ರೇಯಲ್ಲಿ ಇಟ್ಟು ಬಂದದ್ದು ಆ ತಂಡದ ಹಾಳೆಯನ್ನು. ಡ್ಯೂಟಿ ಪಟ್ಟಿ ಅವನ ಅಂಗಿಯ ಜೇಬಿನಲ್ಲೇ ಉಳಿಯಿತು.

ಹನ್ನೊಂದು ಗಂಟೆಗೆ ಆಡಳಿತಾಧಿಕಾರಿಯ ಕೋಣೆಯಿಂದ ಗಾಳಿಗೆ ಕರೆ ಬಂತು. ಹದಿನೈದು ನಿಮಿಷದಲ್ಲಿ ಬಿಳಿಚಿಕೊಂಡು ಹಿಂದಿರುಗಿದ.

"ಏನೋ ಆಯ್ತು?" ಎಂದ ಮೇಸ್ತ್ರಿ.

"ನಾನು ಕದಿಯೋದ್ರಲ್ಲಿ ನಿಸ್ಸೀಮ ಅಂತ ನೀವು ಬರ್ಕೊಟ್ಟಿದ್ದೀರಂತೆ. ನೂರಕ್ಕೆ ಎಂಬತ್ತೆಂಟಂತೆ. ಸ್ಟೋರಲ್ಲಿ ಬೆಡ್‌ಶೀಟ್ ಎಣಿಸ್ತಿದ್ದಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಕದಿಯದ ಗಾಳಿಯೂ ಅಲ್ಲಿ ತನ್ನ ಜೇಬುಗಳನ್ನೆಲ್ಲ ಹೊರಗೆಳೆದು ತೋರಿಸಿ ಬಂದಿದ್ದ. ಬೇಸ್‌ಬಾಲಿನಲ್ಲಿ ಓಡುವವನು ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ನೆಲೆಗೆ ನುಗ್ಗುವುದಕ್ಕೆ ಕದಿಯುವುದು ಎನ್ನುತ್ತಾರೆ. ಮೇಸ್ತ್ರಿ ತನ್ನ ಜೇಬಿಗೆ ಕೈ ಹಾಕಿದ. ಡ್ಯೂಟಿ ಪಟ್ಟಿ ಸಿಕ್ಕಿತು. ಅವನಿಗೆ ನೆನಪಾದದ್ದು ಗಾಳಿಯ ಸಾಲಲ್ಲ, ಅಕ್ಕನ ಸಾಲು. ಗಾಯ, ಬಲ ಭುಜ, ಹಳೆಯದು. ತಾಳಿಕೆ ಮೂವತ್ತೊಂದು. ಷರಾ: ಅವಧಿ ಮುಗಿದ ಮೇಲೆ ಕೈಬಿಡಬಹುದು.

ಅವನು ಮೆಟ್ಟಿಲು ಹತ್ತಿ ಓಡಿದ. ಅಧಿಕಾರಿ ಮೇಡಂ ಬಂದು ಇನ್ನೂ ಮೂರು ತಿಂಗಳಷ್ಟೇ ಆಗಿತ್ತು. ಕೆಟ್ಟವರಲ್ಲ, ಕಾಗದ ಓದುವವರು. ಅವರ ಮೇಜಿನ ಮುಂದೆ ಅಕ್ಕ ಆಗಲೇ ನಿಂತಿದ್ದಳು.

"ಮೇಡಂ, ಅದು ಆಟ," ಎಂದ ಮೇಸ್ತ್ರಿ ಏದುಸಿರು ಬಿಡುತ್ತಾ.

ಎಲ್ಲವನ್ನೂ ಒಪ್ಪಿಕೊಂಡ. ಗೇಮು, ಭಾವಮೈದ, ಊಟದ ಹೊತ್ತು, ಹಾಳೆ, ಸಹಿ. ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು. ನಲವತ್ತಾರು ವರ್ಷದ ಗಂಡಸು, ಮಗಳು ಕಾಲೇಜಿಗೆ ಹೋಗುತ್ತಾಳೆ. ಮೇಡಂ ಹಾಳೆಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದರು. ಕದಿಯುವ ಸಾಲಿಗೆ ಬಂದಾಗ ಅವರ ತುಟಿ ಸ್ವಲ್ಪ ಅಲುಗಿತು.

"ನಾನು ಒಬ್ಬನನ್ನ ಕಳ್ಳ ಅಂದ್ಬಿಟ್ಟೆನಲ್ಲ ಮೇಸ್ತ್ರಿ. ಅವನ ಹತ್ರ ನಾನು ಮಾತಾಡ್ತೀನಿ. ಹಾಗಾದ್ರೆ ಇದೂ ಆಟಾನೇ? ಭುಜದ್ದು?"

"ಹೌದು ಮೇಡಂ."

"ಇವರ ಭುಜ ಸರಿಯಾಗಿದೆ."

"ಗಟ್ಟಿಯಾಗಿದೆ ಮೇಡಂ. ನನಗಿಂತ ಗಟ್ಟಿ."

ಮೇಡಂ ಅಕ್ಕನ ಕಡೆ ತಿರುಗಿದರು. ಗೋಡೆಯ ಪಕ್ಕದಲ್ಲಿ ತಲೆಯೆತ್ತರದ ಕಪಾಟು, ಅದರ ಮೇಲೆ ಒಂದು ಹಳೆಯ ಕಡತ. "ಅದನ್ನ ಸ್ವಲ್ಪ ತೆಕ್ಕೊಡ್ತೀರಾ? ಬಲಗೈಯಲ್ಲಿ."

ಅಕ್ಕ ಕಪಾಟಿನ ಹತ್ತಿರ ಹೋದಳು. ಕೈ ಎದೆಯವರೆಗೆ ಬಂತು. ತುದಿಗಾಲಿನಲ್ಲಿ ನಿಂತಳು, ಗೋಡೆಗೆ ಒರಗಿ ಮೈ ಓರೆ ಮಾಡಿದಳು, ಕೈ ಇನ್ನೆರಡು ಬೆರಳಿನಷ್ಟು ಏರಿತು. ಅವಳ ಮುಖದಲ್ಲಿ ಬೆವರು ಒಡೆಯಿತು. ಅವಳು ಇನ್ನು ಆಗದು ಎಂದು ನಿಲ್ಲಿಸಿಬಿಡಲಿ ಎಂದು ಮೇಸ್ತ್ರಿ ಮನಸ್ಸಿನಲ್ಲೇ ಬೇಡಿಕೊಂಡ. ಅವಳು ನಿಲ್ಲಿಸಲಿಲ್ಲ. ಕೊನೆಗೆ ಮೇಡಂ ತಾವೇ ಎದ್ದುಹೋಗಿ ಅವಳ ಬೆನ್ನು ಮುಟ್ಟಿದರು.

"ಬಿಡಿ. ಸಾಕು," ಎಂದರು. "ನನಗೆ ಗೊತ್ತಾಗದೇ ಇದ್ದಿದ್ರೆ ಆ ಮಾತು ಬೇರೆ. ಈಗ ಗೊತ್ತಾಗಿದೆ. ನಾಳೆ ನೀವು ಯಂತ್ರದ ಹತ್ರ ಬಿದ್ರೆ ಉತ್ತರ ಕೊಡಬೇಕಾದವಳು ನಾನು."

ಬೇರೆ ವಿಭಾಗದಲ್ಲಿ ಜಾಗ ಇದೆಯೇ ಎಂದು ಅವರು ಮೂರು ಕಡೆ ಫೋನ್ ಮಾಡಿದರು. ಎಲ್ಲೂ ಇರಲಿಲ್ಲ. ಈ ತಿಂಗಳ ಕೊನೆಯವರೆಗೆ ಅಕ್ಕ ಬರಬಹುದು, ಮಡಿಸುವ ಮೇಜಿಗೆ ಮಾತ್ರ. ಮೇಲಿನ ಮಹಡಿಯ ಹಾಸಿಗೆಯೂ ಅಲ್ಲಿಯವರೆಗೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವನು ಆಡಲೂ ಇಲ್ಲ, ಬರೆದ. ಇಬ್ಬರೂ ಮೆಟ್ಟಿಲಿಳಿದರು. ಅಕ್ಕ ಮುಂದೆ ನಡೆದಳು. ಬೈದರೆ, ಕೆನ್ನೆಗೆ ಎರಡು ಬಾರಿಸಿದರೆ ಚೆನ್ನಾಗಿತ್ತು ಎಂದು ಮೇಸ್ತ್ರಿಗೆ ಅನಿಸುತ್ತಿತ್ತು. ಲಾಂಡ್ರಿಯಲ್ಲಿ ಯಂತ್ರಗಳು ತಿರುಗುತ್ತಿದ್ದವು, ಯಾರೂ ತಲೆ ಎತ್ತಿ ನೋಡಲಿಲ್ಲ. ಎಲ್ಲರಿಗೂ ಆಗಲೇ ಗೊತ್ತಾಗಿತ್ತು. ಅಕ್ಕ ಮಡಿಸುವ ಮೇಜಿನ ಮುಂದೆ ನಿಂತು ಒಂದು ದಿಂಬಿನ ಚೀಲ ಕೈಗೆತ್ತಿಕೊಂಡಳು.

"ಅಕ್ಕ, ತಪ್ಪಾಯ್ತು," ಎಂದ.

"ಡ್ಯೂಟಿ ಪಟ್ಟಿಲಿ ಎರಡು ವರ್ಷ ನನಗೋಸ್ಕರ ಸುಳ್ಳು ಬರೆದೆ," ಎಂದಳು ಅಕ್ಕ. "ಸಿಕ್ಕಿಬಿದ್ರೆ ನಿನ್ನ ಕೆಲಸಾನೇ ಹೋಗ್ತಿತ್ತು, ಆದ್ರೂ ಬರೆದೆ. ಆ ಆಟದಲ್ಲಿ ಯಾರಪ್ಪ ಕೇಳ್ತಿದ್ರು ನಿನ್ನ? ಅಲ್ಲಾದ್ರೂ ನನ್ನ ಭುಜ ನೆಟ್ಟಗೆ ಮಾಡಬಹುದಿತ್ತಲ್ಲ."

ಮೇಸ್ತ್ರಿಯ ಹತ್ತಿರ ಇದಕ್ಕೆ ಇದ್ದ ಉತ್ತರ ಒಂದೇ. ಅದನ್ನು ನುಂಗಿಕೊಳ್ಳಬೇಕೆಂದಿದ್ದ. ಆದರೆ ಅವಳ ಮುಂದೆ ಇನ್ನೊಂದು ಸುಳ್ಳು ಹೇಳಲು ಅವನಿಗೆ ಆಗಲಿಲ್ಲ.

"ಎಲ್ಲಾ ಇದ್ದಹಾಗೇ ಇರ್ಬೇಕು ಅನ್ನಿಸ್ತು ಅಕ್ಕ. ಇಲ್ದಿದ್ರೆ ಗೆದ್ರೂ ಗೆದ್ದ ಹಾಗೆ ಅನ್ಸೋದಿಲ್ಲ."

ಅಕ್ಕ ದಿಂಬಿನ ಚೀಲವನ್ನು ಎಡಗೈಯಲ್ಲಿ ನೀವಿ ನೀವಿ ಮಡಿಸಿದಳು.

"ಗೆದ್ಯಾ ಮತ್ತೆ?"

"ಇಲ್ಲ. ನಾಲ್ಕನೇ ಸ್ಥಾನ."

"ಅಷ್ಟಕ್ಕಾ," ಎಂದಳು ಅಕ್ಕ.