ಬಿತ್ತೋ, ಕೆಡವಿದರೋ

ನನ್ನ ಸೊಸೆ ಸೌಮ್ಯ ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿರಲಿಲ್ಲ. ಮಧ್ಯಾಹ್ನ ತಿಪಟೂರಿನ ಕಾಲೇಜೊಂದರಲ್ಲಿ ಚರಿತ್ರೆಯ ಪಾಠ ಮಾಡಿ ತೋರಿಸಬೇಕು, ಒಪ್ಪಿದರೆ ಕೆಲಸ. ಹೋದ ಸಲ ಬೇರೊಂದು ಕಡೆ ಬಾಯೇ ಬಾರದೆ ಅತ್ತುಕೊಂಡು ಬಂದಿದ್ದಳು. ಈ ಸಲ ಕೊಟ್ಟಿದ್ದ ಪಾಠ, ಮಹಾಯುದ್ಧದಲ್ಲಿ ನಗರಗಳ ಮೇಲೆ ನಡೆದ ಬಾಂಬ್ ದಾಳಿ.

ರಾತ್ರಿ ಶಾಲೆಯಲ್ಲಿ ಓದು ಕಲಿತ ನನ್ನನ್ನೇ ವಿದ್ಯಾರ್ಥಿ ಮಾಡಿ ಜಗಲಿಯ ಮೇಲೆ ಕೂರಿಸಿಕೊಂಡಿದ್ದಳು. ಅವಳ ಮುಂದೆ ಎರಡು ಚರಿತ್ರೆ ಪುಸ್ತಕಗಳಿದ್ದವು.

"ಒಬ್ರು, ಬಾಂಬು ಬಿದ್ದಿದ್ರಿಂದ ಯುದ್ಧ ಬೇಗ ಮುಗೀತು, ಎಷ್ಟೋ ಜೀವ ಉಳೀತು ಅಂತ ಬರೀತಾರೆ. ಇನ್ನೊಬ್ರು, ಸುಟ್ಟು ಸತ್ತೋರ ಕತೆ ಬರೀತಾರೆ. ಎಲ್ಲಿಂದ ಶುರು ಮಾಡ್ಲಿ ಅತ್ತೆ?"

"ರೊಟ್ಟಿಯಿಂದ ಶುರು ಮಾಡು. ತಣ್ಣಗಾಯ್ತು," ಅಂದೆ.

ಅಷ್ಟರಲ್ಲಿ ಹಿತ್ತಲಲ್ಲಿ ಧಡಾರೆಂದಿತು. ಪಕ್ಕದ ಮನೆಯ ಚಿಕ್ಕಗೌರಮ್ಮ ಕೂಗುತ್ತಾ ಹೊರಗೆ ಬಂದಳು. ಹೆಂಚು ಒಡೆದು ತೆಂಗಿನಕಾಯಿ ಅವಳ ಅಡಿಗೆಮನೆಗೇ ಇಳಿದಿತ್ತು. ನನ್ನ ಮಗ ರುದ್ರೇಶ ತೆಂಗಿನಮರದ ಬುಡದಲ್ಲಿ ಕಾಯಿ ಕೀಳುವ ಉದ್ದನೆಯ ದೋಟಿ ಹಿಡಿದು ನಿಂತಿದ್ದ.

"ಕಾಯಿ ಬಿತ್ತು ಕಣಕ್ಕ," ಅಂದ.

"ಬಿತ್ತಂತೆ, ಬಿತ್ತು! ಕೈಲಿರೋ ದೋಟಿ ಏನ್ಲಾ ಮತ್ತೆ? ಕೆಡವ್ದೆ ಅನ್ನು!"

"ಬಲ್ತಿತ್ತಕ್ಕ. ನಾಳೆ ಯಾರ್ದಾದ್ರೂ ತಲೆ ಮೇಲೆ ಬೀಳ್ತಿತ್ತು. ಹೆಂಚಲ್ಲೇ ಹೋಯ್ತಲ್ಲ, ಬುಡು."

"ಕೆಳಗೆ ಮುದ್ದೆ ತೊಳಸ್ತಿದ್ದೋಳು ನಾನು ಕಣ್ಲಾ! ನನ್ನ ಕೇಳು!"

ಸೌಮ್ಯ ಎದ್ದು ನಿಂತಳು. ಎರಡೂ ಪುಸ್ತಕ ತೆರೆದು ನೋಡಿದಳು. ಇಬ್ಬರೂ 'ಬಾಂಬು ಬಿತ್ತು' ಅಂತಲೇ ಬರೆದಿದ್ದರು. ಕೆಡವಿದವರು ಯಾರೆಂದು ಆ ಸಾಲುಗಳಲ್ಲಿ ಇರಲಿಲ್ಲ. ರೊಟ್ಟಿ ಸುರುಳಿ ಸುತ್ತಿ ಕೈಯಲ್ಲಿ ಹಿಡಿದು ಬಸ್ಸಿಗೆ ಓಡಿದಳು.

ಸಂಜೆ ಬಸ್ಸಿಳಿದು ಬಂದವಳ ಮುಖ ನೋಡಿಯೇ ನನ್ನ ಎದೆ ಹಗುರವಾಯಿತು.

"ಸೋಮವಾರದಿಂದ ಬನ್ನಿ ಅಂದ್ರು ಅತ್ತೆ! ಹುಡುಗ್ರಿಗೆ ನಮ್ಮ ಕಾಯಿ ಕತೆ ಹೇಳಿ ಮೊದ್ಲು ಅದನ್ನೇ ಕೇಳ್ದೆ, ಬಿತ್ತಾ, ಕೆಡವಿದ್ರಾ ಅಂತ. ದೋಟಿ ಹಿಡ್ದೋರು ಬರ್ದಿದ್ದೂ ಓದಿ, ಹೆಂಚಿನ ಕೆಳಗಿದ್ದೋರು ಹೇಳಿದ್ದೂ ಓದಿ. ದೋಟಿ ಯಾರ ಕೈಲಿತ್ತು ಅನ್ನೋದನ್ನ ಮಾತ್ರ ಮರೀಬೇಡಿ ಅಂದೆ. ಆಮೇಲೆ ಮಾತು ತಾನಾಗೇ ಬಂತು."

ಬೇಲಿಯಾಚೆಯಿಂದ ಚಿಕ್ಕಗೌರಮ್ಮ ಕೇಳಿಸಿಕೊಂಡಳು. "ನನ್ ಹೆಂಚು ಒಡ್ದು ನಿಂಗೆ ಕೆಲ್ಸ ಆಯ್ತಲ್ಲೇ! ಹಂಗಂತ, ಒಡ್ದಿದ್ದೇ ಒಳ್ಳೇದಾಯ್ತು ಅಂತ ಪಾಠ ಮಾಡ್ಬ್ಯಾಡ ಮತ್ತೆ!"

ಅವಳ ಸೂರಿನ ಮೇಲೆ ಹೊಸ ಹೆಂಚು ಜೋಡಿಸುತ್ತಿದ್ದ ರುದ್ರೇಶ ಬಗ್ಗಿ ನೋಡಿದ. "ನಾನೇ ಕೆಡವಿದ್ದು ಕಣಕ್ಕ."

"ಗೊತ್ತು. ನೆಟ್ಟಗೆ ಹೊದಿಸು."

ಆ ರಾತ್ರಿ ಸೌಮ್ಯ ಎರಡು ಮುದ್ದೆ ಉಂಡಳು.