ಎದೆಯ ಮೇಲಿನ ಶೇಠಜಿ

ನಾನು ಒಂದು ಜೆರ್ಸಿ. ಬೆಳಗಾವಿಯ ಖಡೇಬಜಾರಿನ ಹಿಂದಿನ ಓಣಿಯಲ್ಲಿ, ಬಿಸಿ ಪ್ರೆಸ್ಸಿನ ಕೆಳಗೆ ಹುಟ್ಟಿದೆ. ಒಡಹುಟ್ಟಿದವರು ನಾಲ್ವರು. ನೀಲಿ ಮೈ, ಬೆನ್ನಿಗೆ ಹೆಸರು. ಎದೆಯ ಮೇಲೊಂದು ಚಿತ್ರ: ಕೈಗೆ ಕೈ ಉಜ್ಜುತ್ತ ಹಲ್ಲು ಕಿರಿಯುವ ಕೊಕ್ಕೆ ಮೂಗಿನ ಮುದುಕ. ನನ್ನ ಅಂದದ ಬಗ್ಗೆ ನನಗೆ ಸಂಶಯವೇ ಇರಲಿಲ್ಲ.

ನಮ್ಮನ್ನು ಮಾಡಿಸಿದವನು ಆನ್‌ಲೈನ್ ಆಟದ ತಂಡವೊಂದರ ನಾಯಕ ಅಡಿವೆಪ್ಪ. ಆಟದಲ್ಲಿ ಯಾರಾದರೂ ಗುಂಡು, ಔಷಧಿ ಕೂಡಿಟ್ಟುಕೊಂಡು ಜೊತೆಯವರಿಗೆ ಕೊಡದಿದ್ದರೆ ಚಾಟ್‌ನಲ್ಲಿ ಈ ಮುದುಕನ ಚಿತ್ರ ಬೀಳುತ್ತಿತ್ತು. ಹೊರದೇಶದ ಆಟಗಾರರಿಂದ ಬಂದದ್ದು. ಹುಡುಗರು ಅದಕ್ಕೆ ‘ಶೇಠಜಿ’ ಎಂದು ಹೆಸರಿಟ್ಟು ಮನೆಮಗನಂತೆ ಸಾಕಿಕೊಂಡಿದ್ದರು.

ನನ್ನ ಬೆನ್ನಿಗಿದ್ದ ಹೆಸರು ಪೆಣಕರ. ಧಾರವಾಡದ ಶೇರನ್ ಪೆಣಕರ ತಂಡಕ್ಕೆ ಹೊಸಬಳು. ಹುಡುಗರು ಅವಳ ದನಿ ಕೇಳಿದ್ದರೇ ಹೊರತು ಮುಖ ನೋಡಿರಲಿಲ್ಲ. ಹುಬ್ಬಳ್ಳಿಯ ಪಂದ್ಯದ ಸಭಾಂಗಣದಲ್ಲಿ ಅವಳು ನನ್ನನ್ನು ಬಿಚ್ಚಿ ನೋಡಿದಳು. ಮತ್ತೆ ಮಡಚಿ ಮೇಜಿನ ಮೇಲಿಟ್ಟಳು.

“ಇದನ್ನ ನಾ ಹಾಕ್ಕೊಳಂಗಿಲ್ಲ.”

“ಯಾಕ? ಸಣ್ಣದಾತೇನ?” ಎಂದ ಅಡಿವೆಪ್ಪ.

“ಇಂವಾ ಶೇಠಜಿ ಅಲ್ಲೋ. ಯಹೂದಿಗಳು ಜಿಪುಣರು, ಜಗತ್ತು ನುಂಗೋರು ಅಂತ ಹಳಿಯಾಕ ಬರದ ಚಿತ್ರ. ನಾವು ಯಹೂದಿಗಳು.”

ಅಡಿವೆಪ್ಪ ಕಣ್ಣು ಪಿಳುಕಿಸಿದ. “ನೀವು ಮರಾಠಿ ಮಂದಿ ಅಲ್ಲೇನ?”

“ಮನ್ಯಾಗ ಮರಾಠಿ. ಪ್ರಾರ್ಥನಾಕ್ಕ ಹೀಬ್ರೂ. ನಿನ್ನ ಬೈಯಾಕ ಕನ್ನಡ.”

“ಬರೇ ಚಾಷ್ಟಿಗಿ ಹಾಕಿದ್ದವ್ವಾ,” ಎಂದು ಪಕ್ಕದ ಆಟಗಾರ ವಿನಾಯಕ ನಕ್ಕ.

“ನಗೂದು ನಿಂದು. ಮೂಗು ನಮ್ಮಜ್ಜಂದು.”

ಜೆರ್ಸಿ ಇಲ್ಲದವರು ಆಡುವಂತಿರಲಿಲ್ಲ. ಅವಳಿಲ್ಲದೆ ತಂಡ ಗೆಲ್ಲುವಂತಿರಲಿಲ್ಲ. ಅಡಿವೆಪ್ಪ ತಾನು ತೊಟ್ಟಿದ್ದ ಜೆರ್ಸಿಯ ಎದೆಯನ್ನು ನೋಡಿಕೊಂಡ. ಆಮೇಲೆ ಎಲ್ಲಿಂದಲೋ ಕತ್ತರಿ ತಂದು ಮೊದಲು ತನ್ನ ಜೆರ್ಸಿಯ ಮುದುಕನನ್ನು ಕತ್ತರಿಸಿ ತೆಗೆದ. ನಂತರ ನನ್ನ ಸರದಿ. ನೋವಾಗಲಿಲ್ಲ, ಹಗುರಾದೆ.

“ಹೊಸಾ ಜೆರ್ಸಿ ಕತ್ತರಸ್ತಾರೇನಲೇ? ನಾ ಒಲ್ಲೆ,” ಎಂದ ವಿನಾಯಕ.

“ಹಂಗಾರ ಹೊರಗ ಕುಂದರು,” ಎಂದ ಅಡಿವೆಪ್ಪ. ಉಳಿದಿಬ್ಬರು ತಮ್ಮವನ್ನೂ ಕತ್ತರಿಗೆ ಒಡ್ಡಿದರು.

ಐವರ ಎದುರು ನಾಲ್ವರು ಆಡಿ ಸೋತೆವು. ತೂತಿನೊಳಗಿಂದ ಶೇರನ್ನಳ ಕಪ್ಪು ಟೀ ಶರ್ಟು ಕಾಣುತ್ತಿತ್ತು. ಒಮ್ಮೆಯೂ ಅವಳು ಅದನ್ನು ಕೈಯಿಂದ ಮುಚ್ಚಿಕೊಳ್ಳಲಿಲ್ಲ. ಅಡಿವೆಪ್ಪ ಅಂದೇ ಚಾಟ್‌ನಿಂದಲೂ ಶೇಠಜಿಯನ್ನು ಅಳಿಸಿದ. ವಿನಾಯಕ ಬೇರೆ ತಂಡ ಕಟ್ಟಿ ಶೇಠಜಿಯನ್ನು ಅಲ್ಲಿಗೆ ಕರೆದೊಯ್ದನಂತೆ. ಆ ಮುದುಕನಿಗೆ ಮನೆ ಸಿಗುವುದು ಕಷ್ಟವಲ್ಲ.

ಈಗ ನಾನು ಶೇರನ್ನಳ ಸ್ಕೂಟರಿನ ಡಿಕ್ಕಿಯಲ್ಲಿದ್ದೇನೆ. ಸೀಟು ಒರೆಸುತ್ತೇನೆ, ಧೂಳು ತಿನ್ನುತ್ತೇನೆ. ಮೊನ್ನೆ ಗ್ಯಾರೇಜಿನವನು ನನ್ನನ್ನು ಎತ್ತಿ ಹಿಡಿದು, “ಹರಕ ಅರಿವಿ, ಒಗೀಲೇನ್ರಿ?” ಎಂದ.

ಅವಳು ನನ್ನನ್ನು ಕಸಿದುಕೊಂಡು ಬೆನ್ನು ತಿರುವಿ ತೋರಿಸಿದಳು.

“ಎದಿ ಹರದೈತಿ, ಖರೆ. ಹೆಸರು ನೋಡ್ರಿ, ಒಂದಕ್ಷರ ಮಾಸಿಲ್ಲ.”